ಮಾನ ಕೇಳಿದವರು, ಕೂಲಿ ಕೇಳಿದವರು

ಫಿಜಿಗೆ ಹೋಗುವ ಭಾರತದ ಕೂಲಿಗಳಿಗೆ ಹಡಗು ಹತ್ತುವ ಮುನ್ನ ಒಂದು ಪಾಸು ಬರೆದುಕೊಡುತ್ತಿದ್ದರು. ಹೆಸರು, ತಂದೆಯ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಜಾತಿ, ಜಿಲ್ಲೆ, ಊರು, ಎತ್ತರ ಎಷ್ಟು ಅಡಿ ಎಷ್ಟು ಅಂಗುಲ, ಮೈಮೇಲೆ ಏನು ಗುರುತಿದೆ, ಮದುವೆಯಾಗಿದ್ದರೆ ಯಾರೊಂದಿಗೆ. ಕೆಳಗೆ ಡಾಕ್ಟರ ಸಹಿ, ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಅಧಿಕಾರಿಯ ಸಹಿ. 1879ರಿಂದ 1916ರವರೆಗೆ ಹೀಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಆ ದ್ವೀಪಗಳಿಗೆ ಹೋದರು. ನಾನು ನರ್ಸ್ ಕೆಲಸ ಮಾಡಿದವಳು, ಕೇಸ್ ಶೀಟ್ ತುಂಬುತ್ತಲೇ ಬದುಕು ಕಳೆದವಳು. ಇಂಥ ಕಾಗದ ನೋಡಿದರೆ ಏನು ಬರೆದಿದೆ ಎನ್ನುವುದಕ್ಕಿಂತ ಏನನ್ನು ಕೇಳಿಲ್ಲ ಎನ್ನುವುದೇ ನನಗೆ ಮೊದಲು ಕಾಣುತ್ತದೆ. ಈಕೆ ಮನೆ ಬಿಟ್ಟು ಯಾಕೆ ಹೊರಟಳು ಎಂದು ಕೇಳುವ ಕಾಲಮ್ಮು ಆ ಪಾಸಿನಲ್ಲಿ ಇಲ್ಲ.

ಕೇಳದಿದ್ದರೂ ಉತ್ತರ ಹೇಳುವವರಿಗೆ ಮಾತ್ರ ಬರವಿರಲಿಲ್ಲ. ತೋಟದ ಯಜಮಾನರೂ ಅಧಿಕಾರಿಗಳೂ ‘ನಡತೆ ಸರಿಯಿಲ್ಲದ ಹೆಂಗಸರು’ ಎಂದುಬಿಟ್ಟರು. ನಮ್ಮ ದೇಶಭಕ್ತರು ‘ಅರ್ಕಾಟಿಗಳ ಮೋಸಕ್ಕೆ ಬಿದ್ದ ಮುಗ್ಧೆಯರು’ ಎಂದರು. ಅರ್ಕಾಟಿ ಎಂದರೆ ಜಾತ್ರೆ, ರೈಲು ನಿಲ್ದಾಣ, ಛತ್ರಗಳಲ್ಲಿ ಸುತ್ತಾಡಿ ಆಳು ಹಿಡಿಯುವ ದಲ್ಲಾಳಿ. ಮೋಸ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಆದರೆ ಕಥೆ ಅಷ್ಟೇ ಅಲ್ಲ ಎಂದು ತೋರಿಸಿದವರು ಬ್ರಿಜ್ ಲಾಲ್. ಫಿಜಿಯ ತಬಿಯಾ ಎಂಬ ಹಳ್ಳಿಯಲ್ಲಿ ಗಿರ್ಮಿಟಿ, ಅಂದರೆ ಕರಾರಿನ, ಕೂಲಿಯೊಬ್ಬನ ಮೊಮ್ಮಗನಾಗಿ ಹುಟ್ಟಿ ದೊಡ್ಡ ಇತಿಹಾಸಕಾರರಾದವರು, 2021ರಲ್ಲಿ ತೀರಿಕೊಂಡರು. ಉತ್ತರ ಭಾರತದಿಂದ ಹೋದ ಸುಮಾರು 45,000 ಜನರ ಪಾಸುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆದರು. ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಗಂಡನಿಲ್ಲದೆ ಒಂಟಿಯಾಗಿ ಹೊರಟವರು. ಹಲವರು ಹೆಸರು ಬರೆಸಿದ್ದು ಹುಟ್ಟೂರಿನಲ್ಲಲ್ಲ, ಬೇರೆ ಜಿಲ್ಲೆಯಲ್ಲಿ. ಅಂದರೆ ಅರ್ಕಾಟಿ ಸಿಗುವ ಮೊದಲೇ ಅವರು ಮನೆ ಬಿಟ್ಟಾಗಿತ್ತು. ವಿಧವೆಯರು, ಗಂಡ ಬಿಟ್ಟವರು, ಬರಗಾಲದಲ್ಲಿ ಕೂಲಿ ಹುಡುಕಿ ಪಟ್ಟಣಕ್ಕೆ ಬಂದವರು. ದುಡಿಯಲು ಹೊರಟಿದ್ದ ಹೆಂಗಸರು ಅವರು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನೆಲ್ಲ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ವರ್ಷವೇ, 1834ರಲ್ಲಿ, ಮಾರಿಷಸ್‌ನ ಕಬ್ಬಿನ ಗದ್ದೆಗಳಿಗೆ ಭಾರತದ ಕೂಲಿಗಳು ಬರತೊಡಗಿದರು. 1838ಕ್ಕೆ ಬ್ರಿಟಿಷ್ ಗಯಾನಾ, 1845ಕ್ಕೆ ಟ್ರಿನಿಡಾಡ್, 1860ಕ್ಕೆ ನಟಾಲ್, 1873ಕ್ಕೆ ಸುರಿನಾಮ್. ಮೊದಮೊದಲು ಹಡಗಿನ ತುಂಬ ಗಂಡಸರೇ. ಅದರಿಂದ ತೋಟಗಳಲ್ಲಿ ಗಲಾಟೆ ಹೆಚ್ಚಾಯಿತು ಎಂದು ಸರ್ಕಾರ ಒಂದು ನಿಯಮ ಮಾಡಿತು: ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕು. ವಲಸೆ ಹೋಗುವ ಹೆಂಗಸರ ವಿಷಯದಲ್ಲಿ ನಮ್ಮ ಕಡೆಯಿಂದ ಬಂದ ಹಳೆಯ ಕಾನೂನುಗಳಲ್ಲಿ ಇದೂ ಒಂದು. ಇದರಲ್ಲಿ ಅವರ ಕ್ಷೇಮದ ಮಾತಿಲ್ಲ. ಗಂಡಸರನ್ನು ನೆಮ್ಮದಿಯಾಗಿಡಲು ಎಷ್ಟು ಹೆಂಗಸರು ಬೇಕು ಎನ್ನುವ ಲೆಕ್ಕ ಮಾತ್ರ. ನಲವತ್ತು ತುಂಬದಿದ್ದರೆ ಹಡಗು ಹೊರಡುವಂತಿಲ್ಲ, ಹಾಗಾಗಿ ಒಬ್ಬ ಹೆಂಗಸನ್ನು ತಂದರೆ ದಲ್ಲಾಳಿಗೆ ಗಂಡಾಳಿಗಿಂತ ಹೆಚ್ಚು ಕಮಿಷನ್.

ಫಿಜಿಯ ಕರಾರು ಐದು ವರ್ಷದ್ದು. ಜನರ ಬಾಯಲ್ಲಿ ಅದರ ಹೆಸರೇ ಗಿರ್ಮಿಟ್. ಸೋಮವಾರದಿಂದ ಶುಕ್ರವಾರ ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಐದು ಗಂಟೆ. ಗಂಡಸಿಗೆ ದಿನಕ್ಕೆ ಒಂದು ಷಿಲಿಂಗ್, ಅಂದರೆ ಹನ್ನೆರಡಾಣೆ. ಹೆಂಗಸಿಗೆ ಒಂಬತ್ತು ಪೆನ್ಸ್, ಒಂಬತ್ತಾಣೆ. ಅದೂ ಆ ದಿನದ ಟಾಸ್ಕ್ ಪೂರ್ತಿ ಮುಗಿಸಿದರೆ ಮಾತ್ರ. ಎಷ್ಟು ಸಾಲು ಕಬ್ಬಿನ ಕಳೆ ತೆಗೆದರೆ ಒಂದು ಟಾಸ್ಕ್ ಎಂದು ಗೊತ್ತುಮಾಡುವವನು ಓವರ್‌ಸಿಯರ್. ಬಸುರಿಗೆ, ಬಾಣಂತಿಗೆ, ಮಗುವನ್ನು ಬದುವಿನ ಮೇಲೆ ಮಲಗಿಸಿ ಬಂದವಳಿಗೆ ಟಾಸ್ಕ್ ಮುಗಿಯುತ್ತಿರಲಿಲ್ಲ. ಮುಗಿಯದಿದ್ದರೆ ಕೂಲಿ ಮುರಿತ. ಕೆಲಸಕ್ಕೆ ಹೋಗದಿದ್ದರೆ ಕೋರ್ಟು, ದಂಡ, ಜೈಲು. ಇರಲು ‘ಲೈನು’: ಹತ್ತಡಿ ಉದ್ದ ಏಳಡಿ ಅಗಲದ ಕೋಣೆಗಳ ಸಾಲು. ಒಂದು ಕೋಣೆಗೆ ಮೂವರು ಒಂಟಿ ಗಂಡಸರು, ಇಲ್ಲವೇ ಗಂಡ ಹೆಂಡತಿ ಮಕ್ಕಳು. ನಡುವಿನ ಗೋಡೆ ಸೂರಿನವರೆಗೆ ಮುಟ್ಟುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ಸೀಮೆಯ ಕಾಫಿ ತೋಟದಲ್ಲಿ. ಅಪ್ಪ ತೋಟದ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್. ನಮ್ಮಲ್ಲೂ ಆಳುಗಳ ಮನೆಗಳಿಗೆ ಲೈನು ಎಂದೇ ಹೆಸರು, ಈಗಲೂ ಲೈನ್‌ಮನೆ ಎನ್ನುತ್ತಾರೆ. ಘಟ್ಟದ ಕೆಳಗಿನಿಂದ ಮುಂಗಡ ಕೊಟ್ಟು ಆಳು ತರಿಸುತ್ತಿದ್ದ ಕಾಲದಲ್ಲಿ, ಮುಂಗಡ ತೀರಿಸದೆ ಓಡಿಹೋದವನನ್ನು 1859ರ ಕಾಯ್ದೆಯೊಂದರ ಕೆಳಗೆ ಹಿಡಿದು ತಂದು ಶಿಕ್ಷೆ ಕೊಡಿಸಬಹುದಿತ್ತು. ಆ ಕಾಯ್ದೆ 1920ರ ದಶಕದವರೆಗೂ ಇತ್ತು. ಸಮುದ್ರ ದಾಟಿದವರಿಗೂ ಘಟ್ಟ ಹತ್ತಿದವರಿಗೂ ಬರೆದ ಕಾನೂನು ಒಂದೇ ಬುದ್ಧಿಯದು. ಶನಿವಾರ ಬಟವಾಡೆಯ ದಿನ ರೈಟರು ಗಂಡಾಳಿನ ರೇಟು ಬೇರೆ, ಹೆಣ್ಣಾಳಿನ ರೇಟು ಬೇರೆ ಎಂದು ಎರಡು ಕಾಲಮ್ಮಿನಲ್ಲಿ ಬರೆಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಫಿಜಿಯ ಒಂಬತ್ತು ಪೆನ್ಸಿನ ವಿಷಯ ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ರೈಟರ ಉದ್ದನೆಯ ಪುಸ್ತಕ.

ಕುಂತಿ ಎಂಬವಳ ವಿಷಯಕ್ಕೆ ಬರುತ್ತೇನೆ. ಗೋರಖ್‌ಪುರ ಜಿಲ್ಲೆಯ ಚಮ್ಮಾರ ಜಾತಿಯ ಹೆಣ್ಣುಮಗಳು ಆಕೆ. ಗಂಡನ ಜೊತೆ ಫಿಜಿಗೆ ಬಂದು ರೇವಾ ಕಡೆಯ ತೋಟದಲ್ಲಿ ದುಡಿಯುತ್ತಿದ್ದಳು. 1910ರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಓವರ್‌ಸಿಯರ್ ಅವಳನ್ನು ಮಿಕ್ಕ ಹೆಂಗಸರಿಂದ ಬೇರೆ ಮಾಡಿ, ಯಾರೂ ಇಲ್ಲದ ಬಾಳೆತೋಟದಲ್ಲಿ ಕಳೆ ತೆಗೆಯಲು ಹಾಕಿದ. ಅಲ್ಲಿಗೆ ಬಂದು ಮೈಮೇಲೆ ಕೈ ಹಾಕಿದಾಗ ಅವಳು ಬಿಡಿಸಿಕೊಂಡು ಓಡಿ ನದಿಗೆ ಹಾರಿದಳು. ಹತ್ತಿರದಲ್ಲಿ ಪುಟ್ಟ ದೋಣಿಯಲ್ಲಿದ್ದ ಜಗದೇವ ಎಂಬ ಹುಡುಗ ಅವಳನ್ನು ಎತ್ತಿ ಉಳಿಸಿದ. ಅವಳ ಹೇಳಿಕೆ ಕಲ್ಕತ್ತಾದ ‘ಭಾರತ್ ಮಿತ್ರ’ ಪತ್ರಿಕೆಯಲ್ಲಿ ಅಚ್ಚಾಯಿತು. ಭಾರತ ಸರ್ಕಾರ ವಿಚಾರಣೆ ಮಾಡಿ ಎಂದು ಫಿಜಿಗೆ ಬರೆಯಿತು. ಅಲ್ಲಿನ ಅಧಿಕಾರಿಗಳು ಇದೆಲ್ಲ ಸುಳ್ಳು ಎಂದರು. ಕುಂತಿ ತನ್ನ ಮಾತು ಬಿಡಲಿಲ್ಲ.

ಈ ಘಟನೆಯನ್ನು ಊರೂರಿನ ಸಭೆಗಳಲ್ಲಿ ಸತಿಯೊಬ್ಬಳು ಶೀಲ ಉಳಿಸಿಕೊಂಡ ಕಥೆಯಾಗಿ ಹೇಳಿದರು. ನನಗೆ ಅದರಲ್ಲಿ ಕಾಣುವುದು ಬೇರೆ. ಅವಳನ್ನು ಒಂಟಿಯಾಗಿ ಬಾಳೆತೋಟಕ್ಕೆ ಕಳಿಸಿದ್ದು ಕೆಲಸ ಹಂಚುವ ಅಧಿಕಾರ. ಯಾವ ಹೆಣ್ಣಾಳು ಎಲ್ಲಿ, ಯಾರ ಜೊತೆ, ಎಷ್ಟು ಕೆಲಸ ಮಾಡಬೇಕು ಎಂದು ಹೇಳುವವನು ಒಬ್ಬನೇ ಆಗಿ, ಆಗುವುದಿಲ್ಲ ಎಂದವಳಿಗೆ ಕೂಲಿ ಮುರಿಯುವ, ಕೋರ್ಟಿಗೆ ಎಳೆಯುವ ಹಕ್ಕೂ ಅವನಿಗೇ ಇದ್ದರೆ, ಮೈಮೇಲೆ ಕೈ ಹಾಕುವುದು ಅದರ ಮುಂದಿನ ಹೆಜ್ಜೆ. ಮಾನದ ಪ್ರಶ್ನೆಯ ಬೇರು ಕೂಲಿಯ ಪ್ರಶ್ನೆಯೊಳಗೇ ಇತ್ತು. ಅದನ್ನು ಬಿಡಿಸಿ ಹೇಳಿದವರು ಆಗ ತೀರ ಕಡಿಮೆ.

ಆದರೂ ಈ ಕೂಲಿ ಪದ್ಧತಿಯ ವಿರುದ್ಧ ನಡೆದ ಆ ಚಳವಳಿಯನ್ನು ನಾನು ಹಗುರ ಮಾಡಲಾರೆ. ಹೊರದೇಶದಲ್ಲಿರುವ ಬಡ ಹೆಂಗಸರಿಗಾಗಿ ಅಷ್ಟು ಕಡೆಯ ಜನ ಒಟ್ಟಿಗೆ ದನಿ ಎತ್ತಿದ್ದು ಅದಕ್ಕೆ ಮೊದಲು ಇರಲಿಲ್ಲ. ಫಿಜಿಯ ಸುವಾ ಪಟ್ಟಣದಲ್ಲಿ ಹ್ಯಾನಾ ಡಡ್ಲಿ ಎಂಬ ಆಸ್ಟ್ರೇಲಿಯಾದ ಮಿಷನರಿ ಇದ್ದರು. 1897ರಲ್ಲಿ ಬಂದವರು. ಲೈನುಗಳಲ್ಲಿ ಕಂಡದ್ದನ್ನು 1912ರಲ್ಲಿ ನೇರವಾಗಿ ಭಾರತ ಸರ್ಕಾರಕ್ಕೇ ಬರೆದರು. ಅದೇ ವರ್ಷ ಮಾರ್ಚಿನಲ್ಲಿ ಗೋಖಲೆಯವರು ಈ ಪದ್ಧತಿ ನಿಲ್ಲಬೇಕೆಂದು ಶಾಸನಸಭೆಯಲ್ಲಿ ಠರಾವು ತಂದರು, ಸೋತಿತು. ಫಿಜಿಯಲ್ಲಿ ಇಪ್ಪತ್ತೊಂದು ವರ್ಷ ಇದ್ದು 1914ರಲ್ಲಿ ಮರಳಿದ ತೋತಾರಾಮ್ ಸನಾಢ್ಯರು ತಮ್ಮ ಅನುಭವವನ್ನು ಹೇಳಿ, ಬನಾರಸಿದಾಸ್ ಚತುರ್ವೇದಿಯವರು ಬರೆದುಕೊಂಡು ಪುಸ್ತಕ ಮಾಡಿದರು. ಉತ್ತರ ಭಾರತದಲ್ಲಿ ಅದು ಮನೆಮಾತಾಯಿತು. 1915ರಲ್ಲಿ ಸಿ. ಎಫ್. ಆಂಡ್ರೂಸ್ ಮತ್ತು ಡಬ್ಲ್ಯು. ಡಬ್ಲ್ಯು. ಪಿಯರ್ಸನ್ ಫಿಜಿಗೆ ಹೋಗಿ ತೋಟ ತೋಟ ಸುತ್ತಿ ವರದಿ ಬರೆದರು. ಮಾಳವೀಯರ ಠರಾವಿನ ಮೇಲೆ 1916ರ ಮಾರ್ಚಿನಲ್ಲಿ ವೈಸ್‌ರಾಯ್ ಹಾರ್ಡಿಂಜ್ ಪದ್ಧತಿಯನ್ನು ನಿಲ್ಲಿಸುವುದಾಗಿ ಒಪ್ಪಿದರು. ಯಾವಾಗ ಎಂದು ಹೇಳಲಿಲ್ಲ.

‘ಯಾವಾಗ’ ಎನ್ನುವುದನ್ನು ಗಟ್ಟಿ ಮಾಡಿಸಿದ್ದರಲ್ಲಿ ಹೆಂಗಸರ ಪಾಲು ದೊಡ್ಡದು. 1917ರ ಜನವರಿಯಲ್ಲಿ ಅಲಹಾಬಾದಿನಲ್ಲಿ ಸರೋಜಿನಿ ನಾಯ್ಡು ಇದೇ ವಿಷಯದ ಮೇಲೆ ಮಾತಾಡಿದರು. ಜಾಯಿಜಿ ಪೆಟಿಟ್ ಅವರ ಮುಂದಾಳ್ತನದಲ್ಲಿ ಮಹಿಳೆಯರ ನಿಯೋಗವೊಂದು ವೈಸ್‌ರಾಯ್ ಚೆಮ್ಸ್‌ಫರ್ಡ್ ಅವರನ್ನು ಕಂಡಿತು. ಭಾರತದ ಹೆಂಗಸರು ಕಡಲಾಚೆಯ ಕೂಲಿ ಹೆಂಗಸರಿಗಾಗಿ ವೈಸ್‌ರಾಯರ ಬಾಗಿಲಿಗೆ ಹೋದರು ಎನ್ನುವುದು ಸಣ್ಣ ಮಾತಲ್ಲ. ಮೇ 31ರೊಳಗೆ ನಿಲ್ಲಬೇಕು ಎಂದು ಗಾಂಧೀಜಿ ಗಡುವು ಕೊಟ್ಟರು. ಮಾರ್ಚ್ 12ಕ್ಕೆ ಸರ್ಕಾರ ಯುದ್ಧಕಾಲದ ಅಧಿಕಾರ ಬಳಸಿ ಕೂಲಿ ಭರ್ತಿಯನ್ನು ತಡೆಯಿತು. ಅಷ್ಟು ಹೊತ್ತಿಗೆ ‘ಸಟ್ಲೆಜ್’ ಹಡಗು ಕೊನೆಯ ಕೂಲಿಗಳನ್ನು 1916ರ ನವೆಂಬರಿನಲ್ಲಿ ಫಿಜಿಗೆ ಇಳಿಸಿ ಆಗಿತ್ತು.

ಭರ್ತಿಯೇನೋ ನಿಂತಿತು, ಆಗಲೇ ಲೈನುಗಳಲ್ಲಿದ್ದವರ ಕರಾರು ಮಾತ್ರ ಹಾಗೆಯೇ ನಡೆದಿತ್ತು. ಇಲ್ಲಿ ಬರುತ್ತಾರೆ ಫ್ಲಾರೆನ್ಸ್ ಗಾರ್ನ್‌ಹ್ಯಾಮ್. ಲಂಡನ್ ಮಿಷನರಿ ಸೊಸೈಟಿಯವರು, ಕಲ್ಕತ್ತಾದಲ್ಲಿ ಕೆಲಸ ಮಾಡಿದ್ದವರು. ಆಸ್ಟ್ರೇಲಿಯಾದ ಮಹಿಳಾ ಸಂಘಗಳು ಒಟ್ಟಾಗಿ ಅವರನ್ನು 1918ರಲ್ಲಿ ಫಿಜಿಗೆ ಕಳಿಸಿದವು. ಕಾರಣ ಇತ್ತು: ಫಿಜಿಯ ಸಕ್ಕರೆಯೆಂದರೆ ಹೆಚ್ಚಿನ ಮಟ್ಟಿಗೆ ಸಿಡ್ನಿಯ ಕಲೋನಿಯಲ್ ಷುಗರ್ ರಿಫೈನಿಂಗ್ ಕಂಪೆನಿ. ನಮ್ಮೂರಿನ ಕಂಪೆನಿಯ ಲಾಭಕ್ಕೆ ಬೇರೆ ದೇಶದ ಹೆಂಗಸರು ಏನು ಬೆಲೆ ತೆರುತ್ತಿದ್ದಾರೆ ನೋಡಿಕೊಂಡು ಬನ್ನಿ ಎಂದು ಅಲ್ಲಿನ ಹೆಂಗಸರೇ ಕಳಿಸಿದರು. ಈ ಒಂದು ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ಬಹಳ ಗೌರವ ಇದೆ. ಆಂಡ್ರೂಸ್ ಎಷ್ಟೇ ಒಳ್ಳೆಯವರಾದರೂ ಗಂಡಸು. ಕೂಲಿ ಹೆಂಗಸರು ಹೇಳಿಕೊಳ್ಳುವುದಕ್ಕೆ ಒಂದು ಮಿತಿ ಇದ್ದೇ ಇತ್ತು. ಗಾರ್ನ್‌ಹ್ಯಾಮ್ ಹೆಂಗಸು. ಲೈನುಗಳ ವಾಸ, ಮದುವೆ ಸಂಸಾರಗಳು ಒಡೆಯುತ್ತಿದ್ದ ರೀತಿ, ಮಕ್ಕಳಿಗೆ ಶಾಲೆಯಿಲ್ಲದ್ದು, ಎಲ್ಲವನ್ನೂ ಅವರು ವರದಿಗೆ ತಂದರು. ಅದು ಅದೇ ವರ್ಷ ಸಿಡ್ನಿಯಲ್ಲಿ ಅಚ್ಚಾಯಿತು. ಕಂಪೆನಿಯವರು ಅಷ್ಟು ವರ್ಷ ಆಂಡ್ರೂಸರನ್ನು ಉತ್ಪ್ರೇಕ್ಷೆಯ ಮನುಷ್ಯ ಎಂದು ತಳ್ಳಿಹಾಕಿದ್ದರು. ಬೇರೆಯವರು, ಅದೂ ಒಬ್ಬ ಮಹಿಳೆ, ಬೇರೆಯಾಗಿ ಹೋಗಿ ಅದನ್ನೇ ಹೇಳಿದ ಮೇಲೆ ತಳ್ಳುವುದು ಕಷ್ಟವಾಯಿತು. 1920ರ ಜನವರಿ 1ಕ್ಕೆ ಫಿಜಿಯಲ್ಲಿ ಉಳಿದಿದ್ದ ಎಲ್ಲ ಕರಾರುಗಳೂ ರದ್ದಾದವು.

ಹದಿನೈದೇ ದಿನ ಕಳೆದಿತ್ತು. ಸುವಾದ ಲೋಕೋಪಯೋಗಿ ಇಲಾಖೆಯ ಭಾರತೀಯ ಕೆಲಸಗಾರರು ಮುಷ್ಕರ ಹೂಡಿದರು. ಯುದ್ಧ ಮುಗಿದ ಮೇಲೆ ಅಕ್ಕಿ, ಬಟ್ಟೆಯ ಬೆಲೆ ಏರಿಬಿಟ್ಟಿತ್ತು, ಕೂಲಿ ಇದ್ದಲ್ಲೇ ಇತ್ತು. ದಿನಕ್ಕೆ ಐದು ಷಿಲಿಂಗ್ ಕೊಡಿ ಎಂಬುದು ಬೇಡಿಕೆ. ಈ ಮುಷ್ಕರದಲ್ಲಿ ಹೆಂಗಸರು ಹಿಂದೆ ನಿಂತವರಲ್ಲ. ವಕೀಲ ಮಣಿಲಾಲ್ ಡಾಕ್ಟರ್ ಅವರ ಹೆಂಡತಿ ಜಯಕುಮಾರಿ ಹೆಂಗಸರ ಸಭೆಗಳನ್ನು ಸೇರಿಸಿದರು. ಹೆಂಗಸರ ನಿಯೋಗವೊಂದು ಗವರ್ನರ್ ರಾಡ್‌ವೆಲ್ ಅವರನ್ನು ಕಂಡು ಕೂಲಿ ಮತ್ತು ಬೆಲೆಯ ಲೆಕ್ಕ ಮುಂದಿಟ್ಟಿತು. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವರನ್ನು ಹೆಂಗಸರು ದಾರಿಯಲ್ಲೇ ಅಡ್ಡಗಟ್ಟಿದರು. ಬಂಧನವಾದವರಲ್ಲಿ ಅವರೂ ಇದ್ದರು. ಸರ್ಕಾರ ನ್ಯೂಜಿಲೆಂಡಿನಿಂದ ಸೈನಿಕರನ್ನು ಕರೆಸಿತು. ಫೆಬ್ರವರಿ 13ರಂದು ಸಮಾಬುಲಾ ಸೇತುವೆಯ ಹತ್ತಿರ ಗೋಲಿಬಾರಿನಲ್ಲಿ ಸಾವೂ ಆಯಿತು. ಮಣಿಲಾಲ್, ಜಯಕುಮಾರಿ ಇಬ್ಬರನ್ನೂ ದ್ವೀಪದಿಂದ ಹೊರಹಾಕಿದರು.

ಇಷ್ಟು ವರ್ಷ ಇವರ ಪರವಾಗಿ ಮಾತಾಡಿದ ದೊಡ್ಡವರೆಲ್ಲ ಕೇಳಿದ್ದು ಮಾನ. ಬಾಯಿ ತೆರೆಯಲು ಮೊದಲ ಅವಕಾಶ ಸಿಕ್ಕಾಗ ಈ ಹೆಂಗಸರು ತಾವೇ ಕೇಳಿದ್ದು ಕೂಲಿ. ಅವರಿಗೆ ಮಾನ ಬೇಡವಾಗಿತ್ತೆಂದು ಯಾರೂ ತಿಳಿಯಬೇಡಿ. ಕೈಯಲ್ಲಿ ತನ್ನದೇ ದುಡ್ಡಿದ್ದವಳಿಗೆ ಬಾಳೆತೋಟಕ್ಕೆ ಒಬ್ಬಳೇ ಹೋಗೆಂದರೆ ಹೋಗುವುದಿಲ್ಲ ಎನ್ನುವ ಧೈರ್ಯ ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲೂ ಹಾಗೆಯೇ ಆಗಿತ್ತು. ಅಲ್ಲಿ ಕರಾರು ಮುಗಿಸಿದವರ ಮೇಲೆ, ಹೆಂಗಸರನ್ನೂ ಬಿಡದೆ, ವರ್ಷಕ್ಕೆ ಮೂರು ಪೌಂಡ್ ತಲೆಗಂದಾಯ ಹೇರಿದ್ದರು. 1913ರ ಸತ್ಯಾಗ್ರಹದಲ್ಲಿ ಅಲ್ಲಿನ ತಮಿಳು ಹೆಂಗಸರು ಗಡಿ ದಾಟಿ ಹೋಗಿ ಗಣಿ ಕೆಲಸಗಾರರನ್ನು ಹೊರಗೆ ಕರೆದದ್ದರ ಹಿಂದೆಯೂ ಈ ದುಡ್ಡಿನ ಲೆಕ್ಕ ಇತ್ತು.

ಮೊದಲ ಮಹಾಯುದ್ಧದ ನಂತರ ವಲಸೆ ಹೆಂಗಸರ ವಿಷಯ ಜಿನೀವಾಕ್ಕೆ ಹೋಯಿತು. ರಾಷ್ಟ್ರಸಂಘ 1921ರಲ್ಲಿ ಹೆಂಗಸರ, ಮಕ್ಕಳ ಸಾಗಾಟ ತಡೆಯುವ ಒಪ್ಪಂದ ಮಾಡಿತು. ವಲಸೆ ಹಡಗುಗಳಲ್ಲಿ ಹೊರಡುವಲ್ಲಿ, ಇಳಿಯುವಲ್ಲಿ, ದಾರಿಯಲ್ಲಿ ಹೆಂಗಸರಿಗೆ ರಕ್ಷಣೆ ಇರಬೇಕು, ಬಂದರು ಮತ್ತು ರೈಲು ನಿಲ್ದಾಣಗಳಲ್ಲಿ ಎಚ್ಚರಿಕೆಯ ಫಲಕ ಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ನಾವೆಲ್ಲ ಐಎಲ್‌ಒ ಎನ್ನುವುದು, 1926ರಲ್ಲಿ ಇನ್ನೊಂದು ಶಿಫಾರಸು ಮಾಡಿತು: ಜೊತೆಗೆ ಯಾರೂ ಇಲ್ಲದ ಹದಿನೈದು ಅಥವಾ ಹೆಚ್ಚು ಹೆಂಗಸರು ವಲಸೆ ಹಡಗಿನಲ್ಲಿದ್ದರೆ, ಅವರನ್ನು ನೋಡಿಕೊಳ್ಳಲೆಂದೇ ಅರ್ಹ ಮಹಿಳೆಯೊಬ್ಬಳನ್ನು ನೇಮಿಸಬೇಕು, ಅವಳಿಗೆ ಬೇರೆ ಕೆಲಸ ಹಚ್ಚಬಾರದು. ಆ ಕೊನೆಯ ಮಾತು ನನಗೆ ಇಷ್ಟ. ಬರೆದವರಿಗೆ ಕೆಲಸದ ಅನುಭವ ಇತ್ತು. ಬೇರೆ ಕೆಲಸ ಹಚ್ಚಿದರೆ ನೋಡಿಕೊಳ್ಳುವ ಕೆಲಸ ಹಿಂದೆ ಬೀಳುತ್ತದೆ ಎಂದು ಯಾವ ವಾರ್ಡಿನ ನರ್ಸನ್ನು ಕೇಳಿದರೂ ಹೇಳುತ್ತಾಳೆ. ಆದರೆ ಆ ಕಾವಲೂ ಹಡಗಿನವರೆಗೆ ಮಾತ್ರ. ಹಡಗಿನಿಂದ ಇಳಿದು ಯಾರದೋ ಮನೆಯ ಹಿಂಬಾಗಿಲಿನಿಂದ ಒಳಗೆ ಹೋದ ಮೇಲೆ ಅವಳ ದುಡಿಮೆಯ ಗಂಟೆ ಎಷ್ಟು, ಸಂಬಳ ಎಷ್ಟು ಎನ್ನುವುದಕ್ಕೆ ಇನ್ನೂ 85 ವರ್ಷ ಕಾಯಬೇಕಾಯಿತು.

ಭಾರತ 1922ರಲ್ಲಿ ಹೊಸ ವಲಸೆ ಕಾಯ್ದೆ ಮಾಡಿತು, ಅದನ್ನು ತೆಗೆದು 1983ರಲ್ಲಿ ಇನ್ನೊಂದು. ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಹುದ್ದೆ ಮಾತ್ರ ಫಿಜಿಯ ಪಾಸಿನ ಮೇಲಿದ್ದ ಅದೇ ಹೆಸರಿನಲ್ಲಿ ಉಳಿಯಿತು. ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ, ಹೆಚ್ಚು ಓದದ ಹೆಂಗಸಿಗೆ ಮೂವತ್ತು ವರ್ಷ ತುಂಬಿರಬೇಕು ಎಂಬ ನಿಯಮ ಅವರ ಕ್ಷೇಮಕ್ಕೆಂದು ಮಾಡಿದ್ದು. ಕ್ಷೇಮವಾಯಿತೇ? ನಾನು ಕುವೈತಿನ ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಕಂಡದ್ದು ಹೇಳುತ್ತೇನೆ. ಕಡಪ, ಗೋದಾವರಿ ಜಿಲ್ಲೆಗಳ ಹೆಂಗಸರು ಅಲ್ಲಿ ಬಹಳ. ವಯಸ್ಸು ಸಾಲದವರನ್ನು ಏಜೆಂಟರು ವಿಸಿಟ್ ವೀಸಾದ ಮೇಲೆ, ಬೇರೆ ಊರು ಸುತ್ತಿಸಿ ಕರೆತರುತ್ತಿದ್ದರು. ಕಾನೂನಿನ ಪ್ರಕಾರ ಹೋಗಿಯೇ ಇಲ್ಲದವಳು ಕಾನೂನಿಗೆ ಕಾಣುವುದೂ ಇಲ್ಲ, ಎಂಬಸಿಯ ರಿಜಿಸ್ಟರಿನಲ್ಲಿ ಅವಳ ಹೆಸರೇ ಇರುವುದಿಲ್ಲ. ತಡೆಯೊಡ್ಡಿ ಹೆಂಗಸರನ್ನು ಕಾಪಾಡಬಹುದು ಎನ್ನುವ ನಂಬಿಕೆ ನಮ್ಮಲ್ಲಿ ಹಳೆಯದು. ಅದರಿಂದ ದಲ್ಲಾಳಿಯ ಕಮಿಷನ್ ಹೆಚ್ಚಾಗುವುದು ನೂರು ಗಂಡಸರಿಗೆ ನಲವತ್ತು ಹೆಂಗಸರ ಕಾಲದಿಂದಲೂ ಕಂಡದ್ದೇ.

ರಾಯಚೋಟಿ ಕಡೆಯ ಒಬ್ಬ ಖದ್ದಾಮ, ಮನೆಗೆಲಸದವಳು, ನಮ್ಮ ವಾರ್ಡಿಗೆ ಬಂದಿದ್ದಳು. ಮಹಡಿಯಿಂದ ಇಳಿಯಲು ಹೋಗಿ ಬಿದ್ದು ಕಾಲು ಮುರಿದಿತ್ತು. ಬೆಂಗಳೂರಿನಲ್ಲಿ ಕೆಲವು ವರ್ಷ ಮನೆಗೆಲಸ ಮಾಡಿದ್ದವಳು, ಕನ್ನಡ ಬರುತ್ತಿತ್ತು. ಅವಳ ಫೈಲಿನಲ್ಲಿ ಸಂಪರ್ಕಕ್ಕೆ ಇದ್ದದ್ದು ಕಫೀಲನ, ಅಂದರೆ ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಮನೆಯೊಡೆಯನ, ಫೋನ್ ನಂಬರು ಮಾತ್ರ. ಅವಳು ಬಿಟ್ಟು ಓಡಿ ಬಂದದ್ದೇ ಆ ಮನೆಯನ್ನು. ನೋವಿನ ಇಂಜೆಕ್ಷನ್ ಕೊಡುವಾಗ ನನ್ನ ಕೈ ಹಿಡಿದು ಕೇಳಿದಳು: “ಅಕ್ಕಾ, ಆರು ತಿಂಗಳ ಸಂಬಳ ಅವರ ಹತ್ರಾನೇ ಐತೆ. ಈಗ ಕೊಡ್ತಾರಾ?” ಕಾಲಿನ ಬಗ್ಗೆ ಆಮೇಲೆ ಕೇಳಿದಳು. ಪಾಸ್‌ಪೋರ್ಟ್ ಎಲ್ಲಿದೆ ಎಂದರೆ ‘ಮಾಮಾ’ನ ಬೀರುವಿನಲ್ಲಿ, ಅಂದರೆ ಮನೆಯೊಡತಿಯ ಬೀರುವಿನಲ್ಲಿ. ಎಂಬಸಿಯವರು ಬಂದರು, ಊರಿಗೆ ಕಳಿಸಲು ಟಿಕೆಟ್ ಆಯಿತು. ಅವಳು ಕ್ಷೇಮವಾಗಿ ಮರಳಿದ ಲೆಕ್ಕಕ್ಕೆ ಸೇರಿದಳು. ಸಂಬಳ ಬರಲಿಲ್ಲ.

ವಲಸೆ ಹೋದವರ ಹಕ್ಕಿನ ವಿಷಯದಲ್ಲಿ ನಮಗಿಂತ ಮುಂದೆ ಹೋದವರು ಫಿಲಿಪೀನ್ಸ್‌ನವರು. 1995ರಲ್ಲಿ ಸಿಂಗಪುರದಲ್ಲಿ ಫ್ಲೋರ್ ಕಾಂಟೆಂಪ್ಲಸಿಯೋನ್ ಎಂಬ ಮನೆಗೆಲಸದಾಕೆಯನ್ನು ಕೊಲೆಯ ಆರೋಪದ ಮೇಲೆ ಗಲ್ಲಿಗೇರಿಸಿದಾಗ ಆ ದೇಶವೇ ಬೀದಿಗಿಳಿಯಿತು. ಅದೇ ವರ್ಷ ವಲಸೆ ಕೆಲಸಗಾರರ ಕಾಯ್ದೆ ಬಂತು. ವಿಶ್ವಸಂಸ್ಥೆ ವಲಸೆ ಕೆಲಸಗಾರರ ಮತ್ತು ಅವರ ಕುಟುಂಬಗಳ ಹಕ್ಕಿನ ಒಪ್ಪಂದವನ್ನು 1990ರ ಡಿಸೆಂಬರ್ 18ರಂದೇ ಅಂಗೀಕರಿಸಿತ್ತು, ಜಾರಿಗೆ ಬರಲು 2003ರವರೆಗೆ ಹಿಡಿಯಿತು. ಕೆಲಸಕ್ಕೆ ಕರೆಸಿಕೊಳ್ಳುವ ದೊಡ್ಡ ಶ್ರೀಮಂತ ದೇಶಗಳು ಅದರ ಹತ್ತಿರವೂ ಬರಲಿಲ್ಲ. ಭಾರತವೂ ಸಹಿ ಹಾಕಲಿಲ್ಲ.

ನನಗೆ ನಿಜವಾಗಿ ಬೇರೆಯಾಗಿ ಕಾಣುವುದು 2011ರ ಜೂನ್ 16. ಜಿನೀವಾದಲ್ಲಿ ಐಎಲ್‌ಒ ಸಮ್ಮೇಳನ ಮನೆಗೆಲಸದವರ ಒಪ್ಪಂದವನ್ನು, 189ನೆಯದನ್ನು, ಅಂಗೀಕರಿಸಿತು. ಪರ 396 ಮತ, ವಿರುದ್ಧ 16. ಆ ಸಭೆಗೆ ದೇಶ ದೇಶಗಳ ಮನೆಗೆಲಸದವರು ತಾವೇ ಬಂದಿದ್ದರು. ಅವರ ಒಕ್ಕೂಟವನ್ನು ಮುನ್ನಡೆಸಿದ ಮಿರ್ಟಲ್ ವಿಟ್‌ಬೂಯಿ ದಕ್ಷಿಣ ಆಫ್ರಿಕಾದಲ್ಲಿ ಮನೆಗೆಲಸ ಮಾಡಿದ್ದವರೇ. ಅವರು ಕೇಳಿ ಬರೆಸಿದ್ದನ್ನು ನೋಡಿ. ವಾರಕ್ಕೆ ಒಂದು ಸಲ ಬಿಡದೆ 24 ಗಂಟೆ ಬಿಡುವು. ಕೂಲಿಗೆ ಕನಿಷ್ಠ ದರ, ಅದು ಹೆಂಗಸೆಂಬ ಕಾರಣಕ್ಕೆ ಕಡಿಮೆಯಾಗಬಾರದು. ದೇಶ ಬಿಡುವ ಮೊದಲೇ ಬರವಣಿಗೆಯ ಕರಾರು. ಪಾಸ್‌ಪೋರ್ಟ್ ಅವಳ ಕೈಯಲ್ಲೇ. ರಜೆಯ ದಿನ ಆ ಮನೆಯಲ್ಲೇ ಇರಬೇಕೆಂದು ಕಟ್ಟಿಹಾಕುವಂತಿಲ್ಲ. ಮಾನ, ಶೀಲ ಎಂಬ ಮಾತುಗಳ ಜಾಗದಲ್ಲಿ ಗಂಟೆ, ದಿನ, ಕೂಲಿ, ಕಾಗದ. ಸುವಾದ ಹೆಂಗಸರು ಗವರ್ನರರ ಮುಂದೆ ಇಟ್ಟ ಲೆಕ್ಕದ ಜಾತಿಯದೇ ಇದು. ಉರುಗ್ವೆ ಮೊದಲು, ಫಿಲಿಪೀನ್ಸ್ ಎರಡನೆಯದಾಗಿ ಒಪ್ಪಿ ಸಹಿ ಹಾಕಿದವು, 2013ರ ಸೆಪ್ಟೆಂಬರಿನಲ್ಲಿ ಒಪ್ಪಂದ ಜಾರಿಗೆ ಬಂತು.

ಕುವೈತ್ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಆದರೆ ಅದರ ಒತ್ತಡ ಅಲ್ಲಿಗೂ ತಲುಪಿತು. 2015ರಲ್ಲಿ ಮನೆಗೆಲಸದವರಿಗೆಂದೇ ಕಾನೂನು ಮಾಡಿತು: ದಿನಕ್ಕೆ ಹನ್ನೆರಡು ಗಂಟೆ ಮೀರಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ ಮೂವತ್ತು ದಿನ ಸಂಬಳದ ರಜೆ. ಮರುವರ್ಷ ತಿಂಗಳಿಗೆ 60 ದಿನಾರ್ ಕನಿಷ್ಠ ಸಂಬಳ ಗೊತ್ತಾಯಿತು. ಹನ್ನೆರಡು ಗಂಟೆ ಎನ್ನುವುದು ಫಿಜಿಯ ಕರಾರಿನ ಒಂಬತ್ತು ಗಂಟೆಗಿಂತ ಹೆಚ್ಚು ಎಂದು ನನಗೆ ಗೊತ್ತಿದೆ. ಆದರೂ ಹದಿನಾರು, ಹದಿನೆಂಟು ಗಂಟೆ ದುಡಿದವರನ್ನು ಕಂಡವಳಿಗೆ ಒಂದು ಅಂಕಿ ಕಾನೂನಿನಲ್ಲಿ ಇರುವುದೇ ದೊಡ್ಡದು. ಅಂಕಿ ಇದ್ದರೆ ಅದನ್ನು ಮೀರಿದಿರಿ ಎಂದು ತೋರಿಸಬಹುದು.

ನಮ್ಮ ಮನೆಯೊಳಗಿನದನ್ನೂ ಹೇಳಬೇಕು. ಕರ್ನಾಟಕ 2004ರಲ್ಲೇ ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ತಂದಿತು, ದೇಶದಲ್ಲಿ ಆ ಕೆಲಸ ಮಾಡಿದ ಮೊದಲ ರಾಜ್ಯಗಳಲ್ಲಿ ಒಂದು. ಅದರ ಹಿಂದೆ ರೂತ್ ಮನೋರಮಾ ಅವರಂಥವರು 1980ರ ದಶಕದಿಂದ ಬೆಂಗಳೂರಿನ ಕೊಳೆಗೇರಿಗಳಲ್ಲಿ ಕಟ್ಟಿದ ಸಂಘಟನೆಯ ದುಡಿಮೆ ಇದೆ. ಕಲಬುರಗಿ, ರಾಯಚೂರಿನಿಂದ ಬೆಂಗಳೂರಿಗೆ ಬಂದು ಪಾತ್ರೆ ತಿಕ್ಕುವವರೂ ವಲಸೆ ಹೆಂಗಸರೇ, ಅವರಿಗೆ ವೀಸಾ ಇಲ್ಲ ಅಷ್ಟೇ. ಪಟ್ಟಿಯಲ್ಲಿ ದರ ಇದೆ, ಕೊಡುವವರು ಎಷ್ಟು ಮಂದಿ ಎಂದು ಅಪಾರ್ಟ್‌ಮೆಂಟುಗಳಲ್ಲಿರುವ ನಾವು ನಾವೇ ಕೇಳಿಕೊಳ್ಳಬೇಕು.

ಜಿನೀವಾದಲ್ಲಿ ಭಾರತ 189ನೆಯ ಒಪ್ಪಂದದ ಪರವಾಗಿಯೇ ಮತ ಹಾಕಿತು. ಇನ್ನೂ ಅದನ್ನು ಅನುಮೋದಿಸಿಲ್ಲ. ಕುವೈತಿನ ಜೊತೆ 2021ರ ಜೂನಿನಲ್ಲಿ ಮನೆಗೆಲಸದವರ ಬಗ್ಗೆ ಬೇರೆ ಒಡಂಬಡಿಕೆಯಾಗಿದೆ. ಅದು ಒಳ್ಳೆಯದೇ. ಆದರೆ ಪರದೇಶದವರ ಹತ್ತಿರ ನಮ್ಮ ಹೆಂಗಸರಿಗೆ ವಾರದ ರಜೆ ಕೊಡಿ ಎಂದು ಕೇಳುವ ದೇಶ ತನ್ನ ಮನೆಗಳಲ್ಲಿ ದುಡಿಯುವವರಿಗೂ ಅದನ್ನು ಕಾನೂನಾಗಿ ಕೊಡಬೇಕು. ಅನುಮೋದನೆಗೆ ಹಿಂಜರಿಯುವುದು ಇದೇ ಕಾರಣಕ್ಕೆ ಎಂದು ನನ್ನ ನಂಬಿಕೆ, ಮತ್ತು ಅದು ತಪ್ಪು ಎಂದು ಯಾವ ವೇದಿಕೆಯ ಮೇಲೆ ಬೇಕಾದರೂ ಹೇಳುತ್ತೇನೆ.

ಈಗ ಊರಿನಲ್ಲಿದ್ದೇನೆ. ಗಲ್ಫಿಗೆ ಹೊರಟ ಹೆಣ್ಣುಮಕ್ಕಳು ನಾನು ಅಲ್ಲಿದ್ದವಳೆಂದು ತಿಳಿದು ಮನೆಗೆ ಬರುತ್ತಾರೆ. ಹೋಗಬೇಡಿ ಎಂದು ಯಾರಿಗೂ ನಾನು ಹೇಳುವುದಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ ಎನ್ನುತ್ತೇನೆ. ಕರಾರನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು, ಅದರ ಮತ್ತು ಪಾಸ್‌ಪೋರ್ಟಿನ ಫೋಟೊ ಮನೆಯವರ ಫೋನಿಗೆ ಕಳಿಸಿ. ಸಂಬಳ ಕೈಗೆ ಬೇಡ, ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ. ಒಂದು ತಿಂಗಳದ್ದು ತಪ್ಪಿದರೆ ಆರು ತಿಂಗಳಾಗುವವರೆಗೆ ಕಾಯದೆ ಎರಡನೆಯ ತಿಂಗಳಲ್ಲೇ ಎಂಬಸಿಗೆ ತಿಳಿಸಿ.